ಇಳಿದ ವಿಮಾನ, ಮುಗಿಯದ ಪ್ರಕರಣ

ಹಾರಾಟದಲ್ಲಿದ್ದ ವಿಮಾನದ ಒಂದು ಎಂಜಿನ್ ಕೈಕೊಟ್ಟು, ಪ್ರಯಾಣಿಕರೆಲ್ಲರೂ ಕ್ಷೇಮವಾಗಿ ನೆಲ ಮುಟ್ಟಿದರೆ ಸುದ್ದಿಯ ತಲೆಬರಹದಲ್ಲಿ ‘ಪವಾಡ’ ಎಂಬ ಪದ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ವಿಮಾನ ಬೆಂಗಳೂರಿಗೇ ಮರಳಿ, ಅದರಲ್ಲಿದ್ದ 179 ಪ್ರಯಾಣಿಕರು ಹಾಗೂ ಸಿಬ್ಬಂದಿ ಪ್ರಾಣಾಪಾಯವಿಲ್ಲದೆ ಹೊರಬಂದರು. ಇಂಥ ಘಟನೆಗಳಲ್ಲಿ ಅದೃಷ್ಟದ ಪಾಲು ಕಡಿಮೆ, ಪೂರ್ವಸಿದ್ಧತೆಯ ಪಾಲು ಹೆಚ್ಚು. ಆದರೆ ಎಲ್ಲರೂ ನಿಟ್ಟುಸಿರು ಬಿಟ್ಟು ಘಟನೆಯನ್ನು ಮರೆತುಬಿಡುವಲ್ಲಿ ಬೇರೊಂದು ಅಪಾಯ ಅಡಗಿದೆ.

ಒಂದೇ ಎಂಜಿನ್ ಸಾಕೇ?

ಸಾಕು ಎಂಬುದನ್ನು ಸಾಬೀತುಪಡಿಸಿದ ಮೇಲೆಯೇ ಅವಳಿ ಎಂಜಿನ್‌ಗಳ ವಿಮಾನಕ್ಕೆ ಹಾರಾಟದ ಪರವಾನಗಿ ದೊರೆಯುತ್ತದೆ. ರನ್‌ವೇಯ ಉದ್ದ, ವಿಮಾನದ ತೂಕ, ಗಾಳಿಯ ಉಷ್ಣಾಂಶ ಇವೆಲ್ಲವನ್ನೂ ಪರಿಗಣಿಸಿ ಪ್ರತಿ ಹಾರಾಟಕ್ಕೂ ಒಂದು ನಿರ್ಣಾಯಕ ವೇಗವನ್ನು ಮೊದಲೇ ಲೆಕ್ಕ ಹಾಕಲಾಗುತ್ತದೆ. ಆ ವೇಗ ತಲಪುವ ಮುನ್ನ ಎಂಜಿನ್ ಕೆಟ್ಟರೆ ವಿಮಾನವನ್ನು ನಿಲ್ಲಿಸಬೇಕು. ಅನಂತರ ಕೆಟ್ಟರೆ ಉಳಿದ ಎಂಜಿನ್ನಿನ ಬಲದಿಂದಲೇ ಮೇಲೇರಬೇಕು. ಎತ್ತರದಲ್ಲಿ ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ; ಗಾಳಿ ಸಾಂದ್ರವಾಗಿರುವ ಕೆಳಮಟ್ಟಕ್ಕೆ ಇಳಿದು ಪ್ರಯಾಣ ಮುಂದುವರಿಸುತ್ತದೆ. ಎಂಜಿನ್ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗ ಉದ್ದೇಶಪೂರ್ವಕವಾಗಿಯೇ ಅದರ ಒಂದು ಬ್ಲೇಡ್ ಮುರಿದು, ಚೂರುಗಳು ಕವಚ ಸೀಳಿ ಹೊರಬರುವುದಿಲ್ಲ ಎಂಬುದನ್ನೂ ಪರೀಕ್ಷಿಸಲಾಗುತ್ತದೆ. ಈ ವಿಶ್ವಾಸದ ಮೇಲೆಯೇ, ನಿಲ್ದಾಣದಿಂದ ಎರಡು ಗಂಟೆಯಷ್ಟು ದೂರದ ಸಾಗರಮಾರ್ಗದಲ್ಲಿ ಸಾಗಲು ಅವಳಿ ಎಂಜಿನ್ ವಿಮಾನಗಳಿಗೆ 1985ರಲ್ಲಿ ಅನುಮತಿ ದೊರೆಯಿತು.

ಯಂತ್ರದಷ್ಟೇ ಮುಖ್ಯವಾದುದು ಪೈಲಟ್‌ನ ತರಬೇತಿ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಸಂಸ್ಥೆಯ ವಿಮಾನದ ಒಂದು ಎಂಜಿನ್ ಶಕ್ತಿ ಕಳೆದುಕೊಂಡಾಗ ಪೈಲಟ್ ಸುಸ್ಥಿತಿಯಲ್ಲಿದ್ದ ಇನ್ನೊಂದನ್ನು ಸ್ಥಗಿತಗೊಳಿಸಿದರು. 43 ಮಂದಿ ಮೃತಪಟ್ಟರು. 2025ರ ಜೂನ್ 12ರ ಅಹಮದಾಬಾದ್ ದುರಂತವನ್ನೂ ಈ ಚರ್ಚೆಯೊಂದಿಗೆ ಬೆರೆಸಲಾಗದು. ಪ್ರಾಥಮಿಕ ವರದಿಯ ಪ್ರಕಾರ ಅಲ್ಲಿ ಎರಡೂ ಎಂಜಿನ್‌ಗಳಿಗೆ ಇಂಧನ ಪೂರೈಕೆ ಕಡಿದುಹೋಗಿತ್ತು. ಒಂದು ಎಂಜಿನ್ ಕಳೆದುಕೊಳ್ಳುವುದಕ್ಕೂ ಎರಡನ್ನೂ ಕಳೆದುಕೊಳ್ಳುವುದಕ್ಕೂ ಅಜಗಜಾಂತರವಿದೆ.

ಮೂರು ಎಚ್ಚರಿಕೆಗಳು

ಸುರಕ್ಷಿತ ಇಳಿಯುವಿಕೆಯ ಇನ್ನೊಂದು ಮುಖವನ್ನು ಅರಿಯಲು ಬೋಯಿಂಗ್ 777 ವಿಮಾನಗಳ ಒಂದು ಪ್ರಕರಣ ಸಾಕು. 2018ರ ಫೆಬ್ರವರಿ 13ರಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ಹೊರಟಿದ್ದ ಯುನೈಟೆಡ್ ವಿಮಾನದ ಎಂಜಿನ್‌ನಲ್ಲಿ ಬ್ಲೇಡೊಂದು ಮುರಿಯಿತು. ವಿಮಾನ ಕ್ಷೇಮವಾಗಿ ಹೊನೊಲುಲು ಸೇರಿತು. ಪ್ರಾಟ್ ಅಂಡ್ ವಿಟ್ನಿ ಸಂಸ್ಥೆಯ ಈ ಎಂಜಿನ್‌ನ ಬ್ಲೇಡ್‌ಗಳು ಒಳಗೆ ಟೊಳ್ಳು. ಒಳಮೈಯಲ್ಲಿ ಹುಟ್ಟುವ ಬಿರುಕು ಕಣ್ಣಿಗೆ ಕಾಣದು. ಆದ್ದರಿಂದ ಬ್ಲೇಡನ್ನು ಧ್ವನಿತರಂಗಗಳಿಂದ ಕಂಪಿಸಿ, ಬಿರುಕಿದ್ದಲ್ಲಿ ಉಂಟಾಗುವ ಶಾಖವನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಲಾಗುತ್ತದೆ. ಮುರಿದ ಬ್ಲೇಡಿನ ಅದೇ ಜಾಗದಲ್ಲಿ 2010 ಮತ್ತು 2015ರ ತಪಾಸಣೆಗಳಲ್ಲೇ ಸುಳಿವು ಕಾಣಿಸಿತ್ತು. ಅದನ್ನು ಬಣ್ಣದ ದೋಷವೆಂದು ಭಾವಿಸಿ ಬ್ಲೇಡನ್ನು ಮತ್ತೆ ಬಳಕೆಗೆ ಬಿಡಲಾಗಿತ್ತು ಎಂದು ತನಿಖೆ ಹೇಳಿತು.

ಅನಂತರ 6,500 ಹಾರಾಟಗಳಿಗೊಮ್ಮೆ ತಪಾಸಣೆ ಕಡ್ಡಾಯವಾಯಿತು. 2020ರ ಡಿಸೆಂಬರ್ 4ರಂದು ಜಪಾನಿನ ನಾಹಾದಿಂದ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಇದೇ ಬಗೆಯ ಎಂಜಿನ್‌ನ ಬ್ಲೇಡ್‌ಗಳು ಹಾನಿಗೊಂಡವು. ಆ ವಿಮಾನವೂ ಸುರಕ್ಷಿತವಾಗಿ ಮರಳಿತು. 2021ರ ಫೆಬ್ರವರಿ 20ರಂದು ಡೆನ್ವರ್‌ನಿಂದ ಏರಿದ ಯುನೈಟೆಡ್ ವಿಮಾನದ ಸರದಿ. ಎಂಜಿನ್ ಉರಿಯುತ್ತಿದ್ದಂತೆ ಅದರ ಹೊರಕವಚದ ತುಂಡುಗಳು ಬ್ರೂಮ್‌ಫೀಲ್ಡ್ ಪಟ್ಟಣದ ಮನೆಯಂಗಳಗಳಿಗೆ ಬಿದ್ದವು. ಅರ್ಧ ಗಂಟೆಯೊಳಗೆ ವಿಮಾನ ಡೆನ್ವರ್‌ನಲ್ಲಿ ಇಳಿಯಿತು. ಒಳಗಿದ್ದವರಿಗಾಗಲಿ ನೆಲದ ಮೇಲಿದ್ದವರಿಗಾಗಲಿ ಗಾಯವಾಗಲಿಲ್ಲ. ಆದರೆ ಮುರಿದ ಬ್ಲೇಡ್ ಹಿಂದಿನ ತಪಾಸಣೆಯ ತರುವಾಯ ಪೂರೈಸಿದ್ದುದು 2,979 ಹಾರಾಟಗಳನ್ನು ಮಾತ್ರ. ನಿಗದಿತ ಅವಧಿಯ ಅರ್ಧವೂ ಅಲ್ಲ! ತಪಾಸಣೆ ಅಸಮರ್ಪಕವಾಗಿತ್ತು, ಅದರ ಅಂತರವೂ ದೀರ್ಘವಾಗಿತ್ತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಯುನೈಟೆಡ್‌ನ ಈ ಎಂಜಿನ್ನಿನ ವಿಮಾನಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ನೆಲಬಿಟ್ಟು ಏಳಲಿಲ್ಲ. ಮೊದಲ ಘಟನೆಯಲ್ಲಿ ಜೀವಹಾನಿಯಾಗಿದ್ದರೆ ಇಷ್ಟು ಕಠಿಣ ಕ್ರಮಕ್ಕೆ ಮೂರು ವರ್ಷ ಬೇಕಾಗುತ್ತಿತ್ತೇ ಎಂಬ ಪ್ರಶ್ನೆ ಸಹಜ.

ಭಾರತದ ಅನುಭವ

ಭಾರತದಲ್ಲಿ ಇದೇ ಸಂಸ್ಥೆಯ ಬೇರೊಂದು ಮಾದರಿಯ ಎಂಜಿನ್ ಎ320 ನಿಯೊ ವಿಮಾನಗಳಲ್ಲಿ ಪದೇ ಪದೇ ಸ್ಥಗಿತಗೊಂಡಿತು. 2018ರ ಮಾರ್ಚ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಇಂಡಿಗೋದ ಎಂಟು ಹಾಗೂ ಗೋಏರ್‌ನ ಮೂರು ವಿಮಾನಗಳ ಹಾರಾಟ ನಿಲ್ಲಿಸಿತು. 2019ರ ನವೆಂಬರ್‌ನಲ್ಲಿ, 97 ವಿಮಾನಗಳ ಎಂಜಿನ್‌ಗಳನ್ನು 2020ರ ಜನವರಿ 31ರೊಳಗೆ ಸುಧಾರಿತ ಎಂಜಿನ್‌ಗಳಿಗೆ ಬದಲಿಸುವಂತೆ ಇಂಡಿಗೋಗೆ ಆದೇಶಿಸಿತು. ಗಡುವು ಮುಂದೆ ಎರಡು ಬಾರಿ ವಿಸ್ತರಣೆಗೊಂಡಿತೆಂಬುದು ನಿಜ. ಆದರೂ ದುರಂತಕ್ಕಾಗಿ ಕಾಯದೆ ಕ್ರಮ ಕೈಗೊಂಡದ್ದು ಸ್ವಾಗತಾರ್ಹ.

ವಿಮಾನಗಳ ಹಾರಾಟ ನಿಂತರೆ ಟಿಕೆಟ್‌ಗಳು ರದ್ದಾಗುತ್ತವೆ, ಸಂಸ್ಥೆಗಳಿಗೆ ನಷ್ಟವಾಗುತ್ತದೆ, ಪ್ರಯಾಣಿಕರು ಗೊಣಗುತ್ತಾರೆ. ಆದರೆ ಎರಡನೆಯ ಎಂಜಿನ್ ಇರುವುದು ಆಪತ್ತಿನಿಂದ ಪಾರಾಗಲಿಕ್ಕೇ ಹೊರತು ಮೊದಲನೆಯದರ ನಿರ್ವಹಣೆಯಲ್ಲಿನ ಉದಾಸೀನವನ್ನು ಮುಚ್ಚಿಡಲಿಕ್ಕಲ್ಲ. ಯಾರೂ ಸಾಯದ ಅವಘಡವೆಂದರೆ ಬೆಲೆ ತೆರದೆ ಸಿಕ್ಕ ಪಾಠ. ಅದನ್ನು ಸಕಾಲದಲ್ಲಿ ಕಲಿಯದಿದ್ದರೆ, ಅದೇ ಪಾಠವನ್ನು ಮುಂದೊಮ್ಮೆ ಜೀವಗಳ ಬೆಲೆ ತೆತ್ತು ಕಲಿಯಬೇಕಾದೀತು.