ಜಾತ್ರೆಯ ಗೊಂಬೆಗೇಕೆ ಈ ತಿರಸ್ಕಾರ?

ಜಾತ್ರೆಯ ಆಟಗಳಲ್ಲಿ ಬಹುಮಾನವಾಗಿ ಬಂದ ಹಳೆಯ ಪಿಂಗಾಣಿ ಗೊಂಬೆಗಳನ್ನು ಗುಜರಿಯಿಂದ ತಂದು ಕಪಾಟಿನಲ್ಲಿಡುವುದು ಕನ್ನಡ ಅಧ್ಯಾಪಕನಿಗೆ ತಕ್ಕ ಕೆಲಸವಲ್ಲವೆಂದು ಮಿತ್ರರೊಬ್ಬರ ಆಕ್ಷೇಪ. ಮೋಮಿನಪುರದ ನಮ್ಮ ಓಣಿಯಲ್ಲಿಯೂ ಇದೇ ನಗೆ. ಅವು ಅಗ್ಗದ ಸಾಮಾನು, ಮೇಲಾಗಿ ಪರದೇಶದ ಗೀಳು ಎಂಬುದು ಅವರ ವಾದ.

ಅಗ್ಗದ್ದೆಂಬುದು ನಿಜವೇ. ಇಂಗ್ಲೆಂಡಿನ ಜಾತ್ರೆಗಳಲ್ಲಿ ಕೆಲವೇ ಪೆನ್ನಿಗೆ ಮಾರುತ್ತಿದ್ದ, ಆಟದಲ್ಲಿ ಗೆದ್ದವರ ಕೈಗೆ ಕೊಡುತ್ತಿದ್ದ ಈ ಗೇಣುದ್ದವೂ ಇಲ್ಲದ ಗೊಂಬೆಗಳಲ್ಲಿ ಬಹುಪಾಲು ಜರ್ಮನಿಯ ಪ್ಯೋಸ್‌ನೆಕ್ ಊರಿನ ಕೊಂಟಾ ಮತ್ತು ಬ್ಯೋಮೆ ಕಾರ್ಖಾನೆಯವು. 1860ರ ಸುಮಾರಿನಿಂದ 1914ರ ಯುದ್ಧದವರೆಗೆ ಅವುಗಳ ಸುಗ್ಗಿ. ಹಲವುಗಳ ಬುಡದಲ್ಲಿ ಗುರಾಣಿಯೊಳಗೆ ಕಠಾರಿ ಹಿಡಿದ ತೋಳಿನ ಮುದ್ರೆಯಿದೆ. ಗಂಡಹೆಂಡಿರ ಜಗಳ, ಪ್ರಣಯದ ಪೇಚು, ಮಲಗುವ ಕೋಣೆಯ ತುಂಟತನ. ಕೆಳಗೊಂದು ಇಂಗ್ಲಿಷ್ ಸಾಲು. ಮಾಡಿದವನು ಜರ್ಮನ್, ನಕ್ಕವನು ಇಂಗ್ಲಿಷ್ ಕೂಲಿಕಾರ. ಆ ಬಡವನು ಯಾವುದಕ್ಕೆ ನಗುತ್ತಿದ್ದನೆಂಬುದನ್ನು ಬೇರಾವ ದಾಖಲೆ ಇಷ್ಟು ನೇರವಾಗಿ ಹೇಳೀತು?

ಇನ್ನು ಪರದೇಶದ್ದೆಂಬ ಮಾತು. ಇದೇ ಮಹನೀಯರು ಹೈದರಾಬಾದಿಗೆ ಹೋಗಿ, ಮೂರನೆಯ ಸಾಲಾರ್ ಜಂಗ್ ಕೂಡಿಸಿದ ಡ್ರೆಸ್ಡೆನ್, ಸೇವ್ರ್ ಪಿಂಗಾಣಿಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅದು 1951ರಲ್ಲಿ ತೆರೆದ ವಸ್ತುಸಂಗ್ರಹಾಲಯ. ನಾವೂ 1956ರವರೆಗೆ ಆ ಸಂಸ್ಥಾನದವರೇ. ದಿವಾನನ ಹೂದಾನಿಗೆ ಪರದೇಶದ ದೋಷ ತಟ್ಟದು, ಜಾತ್ರೆಯ ಗೊಂಬೆಗೆ ಮಾತ್ರ ತಟ್ಟುವುದೇ? ಇದು ದೇಶಾಭಿಮಾನವಲ್ಲ, ಬೆಲೆಚೀಟಿ ನೋಡಿ ಹುಟ್ಟುವ ಭಕ್ತಿ.

ಹಲಸಂಗಿಯ ಗೆಳೆಯರು ಹೆಂಗಸರು ಬೀಸುವಾಗ ಹಾಡಿದ್ದನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಇಂದು ಅದನ್ನು ನಾವು ತರಗತಿಯಲ್ಲಿ ಗೌರವದಿಂದ ಪಾಠ ಹೇಳುತ್ತೇವೆ. ಹಾಡಿಗೆ ಸಂದ ಮರ್ಯಾದೆ ಅದೇ ಬೀಸುಕಲ್ಲಿನ ಪಕ್ಕದ ಗೂಡಿನಲ್ಲಿದ್ದ ಗೊಂಬೆಗೆ ಸಲ್ಲಬಾರದೇಕೆ?

ಸಂಗ್ರಾಹಕರ ಮೇಲೂ ನನಗೆ ಸಿಟ್ಟಿದೆ. ಚೂರು ಮುಕ್ಕಾದರೆ ಬಿಸಾಡುತ್ತಾರೆ. ಗಾಜಿನ ಹಿಂದಿಟ್ಟು ಬೆಲೆ ಏರುವುದನ್ನು ಕಾಯುತ್ತಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ ಗೆದ್ದದ್ದೋ, ಬಂದೇ ನವಾಜರ ಉರುಸಿನದೋ, ಯಾರು ಯಾವ ವರ್ಷ ತಂದರೋ ಎಂದು ಒಂದು ಚೀಟಿ ಅಂಟಿಸುವುದಿಲ್ಲ. ಚೀಟಿಯಿಲ್ಲದ ಗೊಂಬೆ ಬರಿಯ ಸುಟ್ಟ ಮಣ್ಣು.

ಆಕ್ಷೇಪಿಸಿದ ಮಿತ್ರರ ಮನೆಯ ಅಟ್ಟದಲ್ಲಿಯೇ ಕಿವಿ ಮುರಿದ ಪಿಂಗಾಣಿ ನಾಯಿಯೊಂದಿದೆಯಂತೆ. ಅದು ಬಂದ ಬಗೆ ಅವರ ತಾಯಿಯವರಿಗೆ ಗೊತ್ತು. ಮಗನಿಗೆ ಕೇಳಲು ಪುರುಸೊತ್ತಿಲ್ಲ.