ಶಿಕ್ಷಣವನ್ನು ಕುರಿತು ನಾವಾಡುವ ಎರಡು ಮಾತು

ನಮ್ಮ ನಾಡಿನಲ್ಲಿ ಶಿಕ್ಷಣದ ಬಗೆಗೆ ಮಾತನಾಡದವರಿಲ್ಲ. ಚುನಾವಣೆಯ ಸಭೆಯಲ್ಲಿ ಅದರ ಮಾತು, ಸಾಹಿತ್ಯ ಸಮ್ಮೇಳನದ ಮಂಟಪದಲ್ಲಿ ಅದರ ಮಾತು. ಮದುವೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕ್ಷೌರದ ಅಂಗಡಿಯಲ್ಲಿಯೂ ಅದರದೇ ಮಾತು. ಇಷ್ಟೊಂದು ಮಾತು ನಡೆಯುವ ನಾಡಿನಲ್ಲಿ ವಿದ್ಯೆಯು ಉಚ್ಚಸ್ಥಿತಿಯಲ್ಲಿರಬೇಕೆಂದು ಪರಸ್ಥಳದವನೊಬ್ಬನು ಭಾವಿಸಿದರೆ ಅದು ಅವನ ತಪ್ಪಲ್ಲ. ಆದರೆ ವಸ್ತುಸ್ಥಿತಿಯು ಬೇರೆಯಾಗಿದೆ. 2024ರಲ್ಲಿ ದೇಶದ ಹಳ್ಳಿಗಳಲ್ಲಿ ನಡೆದ 'ಅಸರ್' ಸಮೀಕ್ಷೆಯಲ್ಲಿ, 5ನೆಯ ಇಯತ್ತೆಯ ಮಕ್ಕಳೊಳಗೆ 2ನೆಯ ಇಯತ್ತೆಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧದಷ್ಟೂ ಕಂಡುಬರಲಿಲ್ಲ. ಮಾತು ಮೊಳದುದ್ದ, ಓದು ಗೇಣುದ್ದ! ಹೀಗೇಕೆಂಬದನ್ನು ಶೋಧಿಸುವಾಗ ನಾವು ಶಾಲೆಯನ್ನಷ್ಟೇ ನೋಡಿದರೆ ಸಾಲದು. ನಾವಾಡುವ ಮಾತನ್ನೂ ಸ್ವಲ್ಪ ಪರೀಕ್ಷಿಸಿ ನೋಡಬೇಕು.

ಶಿಕ್ಷಣವನ್ನು ಕುರಿತು ನಾವು ಎರಡು ಬಗೆಯ ಮಾತನಾಡುತ್ತೇವೆ. ಒಂದು ವೇದಿಕೆಯ ಮಾತು. ಇನ್ನೊಂದು ಮನೆಯ ಜಗಲಿಯ ಮಾತು. ವೇದಿಕೆಯಲ್ಲಿ ನಾಡು, ನುಡಿ, ಸಂಸ್ಕೃತಿ, ಸಮಾನತೆ ಎನ್ನುತ್ತೇವೆ. ಜಗಲಿಯಲ್ಲಿ ಮಾರ್ಕು, ಫೀಜು, ಸೀಟು, ನೌಕರಿ ಎನ್ನುತ್ತೇವೆ. ವೇದಿಕೆಯ ಮೇಲೆ ನಿಂತವನಿಗೆ ನಾಡಿನ ಮಕ್ಕಳೆಲ್ಲರೂ ಕಾಣುತ್ತಾರೆ. ಜಗಲಿಯಲ್ಲಿ ಕುಳಿತಾಗ ಅದೇ ಮನುಷ್ಯನಿಗೆ ತನ್ನ ಮಗನ ಹೊರತು ಇನ್ನೊಂದು ಮಗುವು ಕಾಣುವದಿಲ್ಲ. ಶಾಸ್ತ್ರ ಹೇಳಿ ಬದನೆಕಾಯಿ ತಿಂದ ಗಾದೆಯ ಗೃಹಸ್ಥರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಆದರೆ ಇದನ್ನು ಬರಿಯ ಡಾಂಭಿಕತನವೆಂದು ಬಯ್ದು ಸುಮ್ಮನಾಗುವದು ಸುಲಭ; ಅದರಿಂದ ಪ್ರಯೋಜನವಿಲ್ಲ. ಎರಡೂ ಮಾತುಗಳಲ್ಲಿ ತಕ್ಕಷ್ಟು ಸತ್ಯವಿದೆ. ಆ ಎರಡು ಸತ್ಯಗಳು ಎಲ್ಲಿಯೂ ಎದುರುಬದುರಾಗಿ ಕೂಡ್ರುವದಿಲ್ಲವೆಂಬದೇ ನಮ್ಮ ದುರ್ದೈವವು.

ಇದು ಯಾವಾಗಲೂ ಹೀಗೆಯೇ ಇದ್ದಿತೆನ್ನಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನು ಓದಬೇಕಾಗಿದ್ದಿತು. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಮುಂದೆ ಬಹುಕಾಲದವರೆಗೆ ಮೇಲಿನ ಶಿಕ್ಷಣವು ಉರ್ದುವಿನಲ್ಲಿ ನಡೆಯಿತು. ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದಾಗ ಅವರ ಮುಂದಿದ್ದುದು ಭಾಷೆಯ ಗೌರವದ ಪ್ರಶ್ನೆಯೊಂದೇ ಅಲ್ಲ. ಮಾಸ್ತರನು ಹೇಳಿದ್ದು ಹುಡುಗನಿಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಸರಳವಾದ ಪ್ರಶ್ನೆಯೂ ಅಹುದು. ಅಂತೆಯೇ ಅವರು ಭಾಷಣದಲ್ಲಿಯೇ ನಿಲ್ಲದೆ, ಶಾಲೆಗಳು ತೆರೆಯುವಂತೆಯೂ ಆ ಶಾಲೆಗಳಿಗೆ ಕನ್ನಡ ಶಿಕ್ಷಕರು ಸಿದ್ಧರಾಗುವಂತೆಯೂ ನೋಡಿಕೊಂಡರು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಸಂಘಕ್ಕೆ ರಾ. ಹ. ದೇಶಪಾಂಡೆಯವರು ಮೊದಲಾದವರು 'ಕರ್ನಾಟಕ ವಿದ್ಯಾವರ್ಧಕ' ಎಂದೇ ಹೆಸರನ್ನಿಟ್ಟರು. ನುಡಿಯ ಕೆಲಸವೂ ವಿದ್ಯೆಯ ಕೆಲಸವೂ ಅವರಿಗೆ ಬೇರೆಬೇರೆಯಾಗಿ ತೋರಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನರು ಶಿಕ್ಷಕರಾಗಿದ್ದವರು. ಮಾತನಾಡಿದವರೇ ಮಣೆ ಹಾಕಿ ಹುಡುಗರನ್ನು ಕುಳ್ಳಿರಿಸಿದ ಕಾಲವದು.

ಆ ಕಾಲವನ್ನು ಹೊಗಳುತ್ತ ಕುಳಿತುಕೊಳ್ಳಬೇಕೆಂದು ನಮ್ಮ ಅಭಿಪ್ರಾಯವಿಲ್ಲ. ಆಗ ಮಾತನಾಡುವ ಅಧಿಕಾರವಿದ್ದವರು ಕೆಲವರೇ. ಹೆಣ್ಣುಮಕ್ಕಳೂ, ಕೇರಿಯಾಚೆಗೆ ಇರಿಸಲ್ಪಟ್ಟವರೂ, ಹೊಲದಲ್ಲಿ ದುಡಿಯುವವರೂ ಆ ಸಭೆಗಳಲ್ಲಿ ಇರಲಿಲ್ಲ. 1911ರಲ್ಲಿ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಅನುಕೂಲವಾಗುವ ಮಸೂದೆಯನ್ನು ತಂದಾಗ, ಅದಕ್ಕೆ ಹಣವೆಲ್ಲಿಂದ ಬರಬೇಕೆಂದು ಕೇಳಿದವರೂ, ರೈತರ ಮಕ್ಕಳು ಓದಿದರೆ ಹೊಲದ ಗತಿಯೇನೆಂದು ಅಂಜಿದವರೂ ಇದ್ದರು. ಮಸೂದೆಯು ಮರುವರ್ಷವೇ ಬಿದ್ದುಹೋಯಿತು. ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಡುವ ಕಾಯದೆಯು ದೇಶಕ್ಕೆಲ್ಲ ಬಂದದ್ದು 2009ರಲ್ಲಿ. ಅಂದರೆ ಗೋಖಲೆಯವರು ಕೇಳಿದ 98 ವರ್ಷಗಳ ತರುವಾಯ! ಇಂದು ಎಲ್ಲರೂ ಶಿಕ್ಷಣದ ಮಾತನಾಡುತ್ತಾರೆಂಬದು ಸಣ್ಣ ಲಾಭವಲ್ಲ. ಕೂಲಿಯವನೂ ತನ್ನ ಮಗಳ ಶಾಲೆಯ ವಿಷಯವನ್ನು ಎತ್ತುತ್ತಾನೆಂಬದು ಹಿಂದಿನ ಎರಡು ತಲೆಮಾರುಗಳ ದುಡಿಮೆಯ ಫಲವು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬದೇ ಈಗಿನ ಪ್ರಶ್ನೆ.

ಮೊದಲು ವೇದಿಕೆಯ ಮಾತನ್ನು ನೋಡೋಣ. 1956ರ ನವೆಂಬರ 1ಕ್ಕೆ ನಾಡು ಒಂದಾಯಿತು. ಒಂದಾದ ನಾಡಿನಲ್ಲಿ ಶಾಲೆಯ ಭಾಷೆಯ ಪ್ರಶ್ನೆಯು ತಾನಾಗಿಯೇ ಬಗೆಹರಿಯುವದೆಂದು ಹಿರಿಯರು ನಂಬಿದ್ದರು. ಹಾಗಾಗಲಿಲ್ಲ. ಗೋಕಾಕ ವರದಿಯ ಸಲುವಾಗಿ 1982ರಲ್ಲಿ ನಾಡಿಗೆ ನಾಡೇ ಎದ್ದು ನಿಂತಿತು. 1994ರಲ್ಲಿ ಸರಕಾರವು 1ರಿಂದ 4ನೆಯ ಇಯತ್ತೆಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಕಲಿಸಬೇಕೆಂಬ ಆಜ್ಞೆಯನ್ನು ಹೊರಡಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ತರುವಾಯ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಸರಕಾರವು ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು ತೀರ್ಪು ಕೊಟ್ಟಿತು. ಈ ಇಪ್ಪತ್ತು ವರ್ಷಗಳಲ್ಲಿ ಜಗಲಿಯಲ್ಲಿ ಏನು ನಡೆಯುತ್ತಿದ್ದಿತು? ಕನ್ನಡ ಮಾಧ್ಯಮವೆಂದು ಪರವಾನಿಗೆಯನ್ನು ಪಡೆದು ಇಂಗ್ಲಿಷಿನಲ್ಲಿ ಪಾಠ ಹೇಳುವ ಶಾಲೆಗಳು ಊರೂರಿಗೆ ಎದ್ದವು. ಅದು ಎಲ್ಲರಿಗೂ ಗೊತ್ತಿದ್ದಿತು. ಕನ್ನಡದ ಪರವಾಗಿ ಠರಾವು ಪಾಸು ಮಾಡಿದ ಮಹನೀಯರ ಮನೆಯ ಮಕ್ಕಳೂ ಅಲ್ಲಿಗೇ ಹೋದರು. ಕಾಗದದ ಮೇಲೆ ಒಂದು ಭಾಷೆ, ಕರಿಹಲಗೆಯ ಮೇಲೆ ಇನ್ನೊಂದು ಭಾಷೆ. ನಮ್ಮ ಎರಡು ಮಾತಿನ ಚಾಳಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ವೇದಿಕೆಗೆ ಒಂದು ದೋಷವಿದೆ: ಒಂದೇ ದಿನದಲ್ಲಿ ಘೋಷಿಸಬಲ್ಲ ಸಂಗತಿಗಳೇ ಅದಕ್ಕೆ ಪ್ರಿಯ. 2022ರಲ್ಲಿ ಸಮವಸ್ತ್ರದ ವಾದವು ಉಡುಪಿಯಲ್ಲಿ ಹೊತ್ತಿ ನಾಡೆಲ್ಲ ಹಬ್ಬಿತು. ಅದೇ ವರ್ಷ ಪಠ್ಯಪುಸ್ತಕಗಳ ಪರಿಷ್ಕರಣದ ಗದ್ದಲವೆದ್ದಿತು. 2023ರಲ್ಲಿ ಸರಕಾರವು ಬದಲಾದೊಡನೆ ಪಾಠಗಳೂ ಮತ್ತೆ ಬದಲಾದವು. ಯಾವ ಪಾಠವನ್ನು ಸೇರಿಸಿದರು, ಯಾರ ಪಾಠವನ್ನು ತೆಗೆದರು ಎಂಬದನ್ನು ಕುರಿತು ತಿಂಗಳುಗಟ್ಟಲೆ ವಾದ ನಡೆಯಿತು. ಅವು ಚರ್ಚಿಸತಕ್ಕ ವಿಷಯಗಳಲ್ಲವೆಂದು ನಾವು ಹೇಳುವದಿಲ್ಲ. ಆದರೆ ಸೇರಿಸಿದ ಪಾಠವನ್ನಾಗಲಿ ತೆಗೆದ ಪಾಠವನ್ನಾಗಲಿ ಹುಡುಗನು ತಾನಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಎಷ್ಟು ಸ್ಥಳ ಸಿಕ್ಕಿತು?

ಪರೀಕ್ಷೆಯ ಮಾತೂ ಇದೇ ಬಗೆಯದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕ್ಯಾಮೆರಾಗಳ ಕಾವಲಿನಲ್ಲಿ ನಡೆಸಿದರು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ತೇರ್ಗಡೆಯು, ಕೃಪಾಂಕವನ್ನು ಹೆಚ್ಚಿಸಿದ ಮೇಲೆಯೂ 73.40ಕ್ಕೆ ಇಳಿಯಿತು. ಯಾವ ಜಿಲ್ಲೆ ಮೇಲೆ, ಯಾವ ಜಿಲ್ಲೆ ಕೆಳಗೆ, ಕೃಪಾಂಕ ಕೊಟ್ಟದ್ದು ಸರಿಯೇ ತಪ್ಪೇ ಎಂಬ ಮಾತು ಕೆಲವು ದಿನ ಭರದಿಂದ ನಡೆದು ತಣ್ಣಗಾಯಿತು. ಆ ವರ್ಷ ಬಯಲಿಗೆ ಬಂದ ನಿಜವಾದ ಸುದ್ದಿಯೆಂದರೆ, ಕಾವಲಿಲ್ಲದ ವರ್ಷಗಳಲ್ಲಿ ನಾವು ಹೆಮ್ಮೆಪಟ್ಟ ಅಂಕಿಯೊಳಗೆ ವಿದ್ಯೆಯೆಷ್ಟು, ನಕಲೆಷ್ಟು ಎಂಬ ಸಂಶಯ. ಆ ಸಂಶಯವನ್ನು ಬೆನ್ನಟ್ಟಿ ಹೋಗುವ ಧೈರ್ಯವು ವೇದಿಕೆಗೂ ಇಲ್ಲ, ಜಗಲಿಗೂ ಇಲ್ಲ.

ಇನ್ನು ಜಗಲಿಯ ಮಾತು. ಇಲ್ಲಿ ಶಿಕ್ಷಣವೆಂಬ ಶಬ್ದವೇ ಅಪರೂಪ. 'ಮಗ ಎಲ್ಲಿದ್ದಾನೆ?', 'ಎಷ್ಟು ಪರ್ಸೆಂಟು?', 'ಫೀಜು ಎಷ್ಟು?', 'ಟ್ಯೂಶನ್ನು ಯಾರ ಹತ್ತಿರ?' ಎಂಬ ನಾಲ್ಕು ಪ್ರಶ್ನೆಗಳಲ್ಲಿ ಎಲ್ಲವೂ ಮುಗಿಯುತ್ತದೆ. 'ಮಗನು ಏನು ಓದುತ್ತಾನೆ, ಅವನಿಗೆ ಯಾವದರಲ್ಲಿ ಆಸ್ಥೆ?' ಎಂದು ಕೇಳುವವರು ವಿರಳ. ಫೀಜು ಹೆಚ್ಚಾದಷ್ಟೂ ವಿದ್ಯೆ ಹೆಚ್ಚೆಂಬ ಭ್ರಮೆಯು ಪಟ್ಟಣದಿಂದ ಹಳ್ಳಿಗೂ ಇಳಿದಿದೆ. ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಒಪ್ಪಿಸುವ ಮಗುವನ್ನು ನೋಡಿ ತಾಯಿತಂದೆಗಳು ಹಿಗ್ಗುತ್ತಾರೆ. ಒಪ್ಪಿಸಿದ್ದರ ಅರ್ಥವನ್ನು ಕೇಳಿದರೆ ಮಗುವು ಮೇಲೆ ನೋಡುತ್ತದೆ.

ಆದರೂ ಪಾಲಕರನ್ನು ಮೂಢರೆಂದು ತಿಳಿಯುವ ಪಂಡಿತರೊಡನೆ ನಮ್ಮ ಸಹಮತವಿಲ್ಲ. ಕೂಲಿ ಮಾಡಿ ಗಳಿಸಿದ ಹಣವನ್ನು ಶಾಲೆಯ ಬಾಗಿಲಲ್ಲಿ ಸುರಿಯುವ ತಾಯಿಯು ಲೆಕ್ಕವಿಲ್ಲದವಳಲ್ಲ. ಮೇಲಿನ ವಿದ್ಯೆ, ಉಚ್ಚ ನ್ಯಾಯಾಲಯ, ದೊಡ್ಡ ಸಂಬಳದ ನೌಕರಿ ಇವೆಲ್ಲವೂ ಇಂಗ್ಲಿಷಿನಲ್ಲಿಯೇ ಇರುವದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಶತಮಾನಗಳ ಕಾಲ ಅಕ್ಷರದಿಂದ ದೂರವಿರಿಸಲ್ಪಟ್ಟ ಸಮಾಜದವರು ಕೇಳುವ ಪ್ರಶ್ನೆಯಂತೂ ಇನ್ನೂ ತೀಕ್ಷ್ಣವಾದದ್ದು: 'ನಿಮ್ಮ ಮಕ್ಕಳು ಇಂಗ್ಲಿಷು ಕಲಿತು ಏಣಿ ಏರಿದರು, ನಮ್ಮ ಮಕ್ಕಳ ಸರದಿ ಬಂದಾಗ ಏಣಿಯನ್ನು ಏಕೆ ತೆಗೆಯುತ್ತೀರಿ?' 2018ರಲ್ಲಿ ಸರಕಾರವು 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ತೆರೆಯುವದಾಗಿ ಸಾರಿದಾಗ ಸಾಹಿತಿಗಳು ವಿರೋಧಿಸಿದರು. 2019ರ ಜನವರಿಯಲ್ಲಿ ಧಾರವಾಡದಲ್ಲಿ ಕೂಡಿದ 84ನೆಯ ಸಾಹಿತ್ಯ ಸಮ್ಮೇಳನದಲ್ಲಿ ಅದೇ ಮಾತು ಮೊಳಗಿತು. ಆ ಶಾಲೆಗಳಿಗೆ ಮಕ್ಕಳನ್ನು ಸೇರಿಸಲು ಪಾಲಕರು ಮುಂದೆ ಬಂದದ್ದೂ ಅಷ್ಟೇ ನಿಜ. ಕನ್ನಡವನ್ನು ಪ್ರೀತಿಸುವ ನಾವು ಈ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವದು ನ್ಯಾಯವಲ್ಲ.

ನಮ್ಮ ಉತ್ತರವಿಷ್ಟೇ. ಮಗುವು ಲೋಕವನ್ನು ಅರಿಯುವದು ತಾನಾಡುವ ನುಡಿಯಲ್ಲಿಯೇ. ಆದುದರಿಂದ ಮೊದಲ ಓದು ಆ ನುಡಿಯಲ್ಲಿರಬೇಕು. 2009ರ ಕಾಯದೆಯೂ ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದೇ ಹೇಳುತ್ತದೆ. ಅದರ ಜೊತೆಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ, ಬಲ್ಲ ಶಿಕ್ಷಕರಿಂದ, ಎಲ್ಲ ಮಕ್ಕಳಿಗೂ ಚೆನ್ನಾಗಿ ಕಲಿಸಬೇಕು. ಸರಕಾರಿ ಶಾಲೆಗಳಲ್ಲಿ 1ನೆಯ ಇಯತ್ತೆಯಿಂದ ಇಂಗ್ಲಿಷು ಬಂದದ್ದು 2007ರಲ್ಲಿ; ಅದನ್ನು ಕಲಿಸತಕ್ಕ ಶಿಕ್ಷಕರ ತರಬೇತಿಯ ಮಾತು ಮಾತ್ರ ಯಾವ ಚುನಾವಣೆಯಲ್ಲಿಯೂ ದೊಡ್ಡದಾಗಿ ಕೇಳಿಬರಲಿಲ್ಲ. ಬಡವರ ಮಗುವಿಗೆ ಒಳ್ಳೆಯ ಕನ್ನಡವನ್ನೂ ಕೊಡದೆ, ಒಳ್ಳೆಯ ಇಂಗ್ಲಿಷನ್ನೂ ಕೊಡದೆ, ಮಾಧ್ಯಮದ ವಾದವನ್ನಷ್ಟೇ ಕೊಟ್ಟವರು ನಾವು.

ಎರಡು ಮಾತುಗಳು ಒಂದಾದಲ್ಲಿ ಎಂಥ ಬಲ ಬರುತ್ತದೆಂಬದಕ್ಕೆ ಕಾಸರಗೋಡಿನ ಕನ್ನಡಿಗರೇ ದೃಷ್ಟಾಂತವು. ಏಕೀಕರಣದಲ್ಲಿ ಹೊರಗುಳಿದು ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ, ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಪಾಲಕರೂ ಮಕ್ಕಳೂ ಒಟ್ಟಾಗಿ ಪ್ರತಿಭಟಿಸಿದರು. 'ಮಾಸ್ತರರ ಪಾಠವು ಮಕ್ಕಳಿಗೆ ತಿಳಿಯುವದಿಲ್ಲ' ಎಂಬದೇ ಅವರ ದೂರು. ಡೆಪ್ಯುಟಿ ಚನ್ನಬಸಪ್ಪನವರ ಕಾಲದ ಪ್ರಶ್ನೆಯೂ ಇದೇ ಅಲ್ಲವೇ? ಅಲ್ಲಿ ನುಡಿಯ ಮಾತೂ ಮಗುವಿನ ಮಾತೂ ಒಂದೇ ಆಗಿ ಉಳಿದಿವೆ. ನಾಡಿನ ಒಳಗಿರುವ ನಾವು, ಶಾಲೆಗಳು ನಮ್ಮವೇ ಎಂಬ ನಿಶ್ಚಿಂತೆಯಲ್ಲಿ, ಅವನ್ನು ಬೇರೆ ಮಾಡಿಕೊಂಡಿದ್ದೇವೆ.

ಇಲ್ಲಿಯ ಒಂದು ಉದಾಹರಣೆಯನ್ನೇ ನೋಡಿರಿ. 2009ರ ಕಾಯದೆಯಂತೆ ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ಬಡ ಮಕ್ಕಳಿಗೆ ಕೊಡಬೇಕಾಗಿದ್ದಿತು. ಸಮೀಪದಲ್ಲಿ ಸರಕಾರಿ ಶಾಲೆಯಿದ್ದಲ್ಲಿ ಈ ಸೌಕರ್ಯವಿಲ್ಲವೆಂದು 2019ರಿಂದ ಕರ್ನಾಟಕವು ನಿಯಮವನ್ನು ಬದಲಿಸಿತು. ಬಡವರಿಗೆ ಬಾಗಿಲು ಮುಚ್ಚಿತೆಂದು ಪಾಲಕರು ಮರುಗಿದರು. ಸ್ವಂತ ಶಾಲೆಗಳು ಬರಿದಾಗುತ್ತಿರುವಾಗ ಖಾಸಗಿಯವರಿಗೆ ಹಣವನ್ನೇಕೆ ಕೊಡಬೇಕೆಂದು ಸರಕಾರವು ಕೇಳಿತು. ಇಬ್ಬರದೂ ಸರಿ. ಆದರೆ 'ಆ ಸಮೀಪದ ಶಾಲೆಯಲ್ಲಿ ಇಯತ್ತೆಗೊಬ್ಬ ಶಿಕ್ಷಕನಿದ್ದಾನೆಯೇ?' ಎಂಬ ಮೂರನೆಯ ಮಾತನ್ನು ಕೇಳಬೇಕಾದವರು ಯಾರು? ಧನಿಕರ, ಬಡವರ ಮಕ್ಕಳು ಒಂದೇ ನೆರೆಯ ಶಾಲೆಗೆ ಹೋಗಬೇಕೆಂದು 1966ರಲ್ಲಿಯೇ ಕೊಠಾರಿ ಆಯೋಗವು ಹೇಳಿದ್ದಿತು. ಹಾಗೆ ಆಗಿದ್ದರೆ ಈ ಮೂರನೆಯ ಪ್ರಶ್ನೆಯನ್ನು ಊರಿನ ಪ್ರಮುಖರೇ ಎತ್ತುತ್ತಿದ್ದರು; ಅವರ ಮಕ್ಕಳೂ ಅಲ್ಲಿಯೇ ಕುಳಿತಿರುತ್ತಿದ್ದರು.

ಹಾಗಾದರೆ ಮಾಡತಕ್ಕದ್ದೇನು? ಹೊಸ ಸಂಘ, ಹೊಸ ಪರಿಷತ್ತುಗಳನ್ನು ಹುಟ್ಟಿಸಬೇಕಾಗಿಲ್ಲ. 2001ರಿಂದಲೂ ನಮ್ಮ ಸರಕಾರಿ ಶಾಲೆಗಳಿಗೆ ಪಾಲಕರನ್ನೊಳಗೊಂಡ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಜಗಲಿಯೂ ವೇದಿಕೆಯೂ ಕೂಡುವ ಸ್ಥಳವು ಅದೇ. ಆದರೆ ಎಷ್ಟೋ ಕಡೆಗೆ ಅದು ರುಜು ಹಾಕುವ ಸಭೆಯಾಗಿ, ಇಲ್ಲವೆ ಊರಿನ ಪಕ್ಷಗಳ ಕುಸ್ತಿಯ ಕಣವಾಗಿ ಉಳಿದಿದೆ. ಓದುಬರಹ ಬಲ್ಲ ಪಟ್ಟಣಿಗರು, ತಮ್ಮ ಮಕ್ಕಳು ಅಲ್ಲಿಲ್ಲದಿದ್ದರೂ, ತಮ್ಮ ಓಣಿಯ ಸರಕಾರಿ ಶಾಲೆಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೋಗಲಿ. ಮೂರು ಸಂಗತಿಗಳನ್ನು ವಿಚಾರಿಸಲಿ: ಶಿಕ್ಷಕರ ಸ್ಥಾನಗಳು ಎಷ್ಟು ಖಾಲಿ ಇವೆ? 3ನೆಯ ಇಯತ್ತೆಯ ಹುಡುಗನು ಹೊಸ ಪುಟವೊಂದನ್ನು ತಾನಾಗಿ ಓದಿ, ಅದರಲ್ಲಿ ಏನಿದೆಯೆಂದು ಹೇಳಬಲ್ಲನೇ? ಶಿಕ್ಷಕರ ಎಷ್ಟು ದಿನಗಳು ಪಾಠವನ್ನು ಬಿಟ್ಟು ಜನಗಣತಿ, ಚುನಾವಣೆ, ವರದಿಗಳಲ್ಲಿ ಕಳೆದುಹೋಗುತ್ತವೆ? ಈ ಉತ್ತರಗಳನ್ನು ಬರೆದುಕೊಂಡು ಮತ ಕೇಳಲು ಬಂದವರ ಮುಂದೆ ಇಡಲಿ. ಆಗ ವೇದಿಕೆಯ ಮಾತು ತಾನಾಗಿ ನೆಲಕ್ಕೆ ಇಳಿಯುವದು.

ಶಿಕ್ಷಕ ಬಂಧುಗಳಿಗೂ ಒಂದು ವಿನಂತಿ. ಶಿಕ್ಷಣದ ಮಾತನ್ನು ಮಂತ್ರಿಗಳು ಆಡುತ್ತಾರೆ, ಸಾಹಿತಿಗಳು ಆಡುತ್ತಾರೆ, ಪಾಲಕರು ಆಡುತ್ತಾರೆ. ದಿನವೂ ಮಕ್ಕಳ ಮುಂದೆ ನಿಲ್ಲುವ ನೀವು ಮಾತ್ರ ಸಂಬಳ, ವರ್ಗಾವಣೆಗಳ ಹೊರತು ಬೇರೆಯದನ್ನು ಬಹಿರಂಗವಾಗಿ ಆಡುವದಿಲ್ಲವೆಂಬ ಅಪವಾದವಿದೆ. ತರಗತಿಯಲ್ಲಿ ಯಾವದು ಮಗುವಿಗೆ ತಿಳಿಯುತ್ತದೆ, ಯಾವದು ತಿಳಿಯುವದಿಲ್ಲ ಎಂಬದನ್ನು ನಿಮ್ಮಷ್ಟು ಬಲ್ಲವರು ಬೇರಾರೂ ಇಲ್ಲ. ಅದನ್ನು ಹೇಳಿರಿ, ಬರೆಯಿರಿ. ನಾಡನ್ನು ಒಂದು ಮಾಡಿದ ಹಿರಿಯರಲ್ಲಿ ನಿಮ್ಮ ವೃತ್ತಿಯವರು ಬಹಳ ಮಂದಿ ಇದ್ದರು. ಅವರು ಕಟ್ಟಿದ ಮನೆಯಲ್ಲಿ ನಾವಿದ್ದೇವೆ. ಆ ಮನೆಯ ಕಟ್ಟಕಡೆಯ ಹಳ್ಳಿಯ ಮಗುವು ಪುಸ್ತಕವನ್ನು ತೆರೆದು ತಾನೇ ಓದಿ ನಕ್ಕ ದಿನ, ನಮ್ಮ ಎರಡು ಮಾತುಗಳ ಅಗತ್ಯವು ತೀರುವದು.