ಆಡದ ಮಾತಿಗೆ ಶಿಕ್ಷೆ

ಯಾವ ಪಕ್ಷಕ್ಕೂ ಸೇರದ, ಆಯುಧ ಹಿಡಿಯದ, ಸಭೆಯಲ್ಲಿ ಒಂದು ಮಾತನ್ನೂ ಆಡದ ಮನುಷ್ಯನು ರಾಜಕೀಯ ಅಭಿಪ್ರಾಯದ ಕಾರಣಕ್ಕಾಗಿ ಹಿಂಸೆಗೆ ಗುರಿಯಾಗುವುದು ಸಾಧ್ಯವೇ? ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಪ್ರಶ್ನೆಯ ಮೇಲೆಯೇ, ಶ್ರೀಲಂಕೆಯಿಂದ ಓಡಿಹೋಗಿ ಪರದೇಶಗಳಲ್ಲಿ ಆಶ್ರಯ ಕೋರಿದ ಎಷ್ಟೋ ತಮಿಳರ ಅಳಿವು ಉಳಿವು ನಿಂತಿದೆ.

1951ರ ಜಿನೀವಾ ಒಪ್ಪಂದದ ಪ್ರಕಾರ ಸ್ವದೇಶದಿಂದ ಓಡಿಬಂದವರೆಲ್ಲರೂ ನಿರಾಶ್ರಿತರಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ವರ್ಗ, ರಾಜಕೀಯ ಅಭಿಪ್ರಾಯ ಇವುಗಳಲ್ಲಿ ಒಂದರ ನಿಮಿತ್ತ ಹಿಂಸೆಗೊಳಗಾಗುವ ಆಧಾರಸಹಿತ ಭಯ ಇರಬೇಕು. 1983ರ ಜುಲೈ ಗಲಭೆಯಿಂದ 2009ರ ಮೇ ತಿಂಗಳ ತನಕ ನಡೆದ ಯುದ್ಧದಲ್ಲಿ ಈ ಕಾರಣಗಳು ಒಂದರೊಳಗೊಂದು ಬೆರೆತುಹೋದವು. ಜಾಫ್ನಾದ ತಮಿಳು ತರುಣನೆಂದರೆ ಎಲ್‌ಟಿಟಿಇ ಬೆಂಬಲಿಗನೆಂಬ ಸಂಶಯ ಸೇನೆಗೆ ಸಹಜವಾಯಿತು. ಅತ್ತ ಎಲ್‌ಟಿಟಿಇಯೂ 1990ರಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರನ್ನು ಸಾರಾಸಗಟಾಗಿ ಹೊರಗಟ್ಟಿತು. ಎರಡು ಕಡೆಯೂ ಹುಟ್ಟೇ ಅಪರಾಧಕ್ಕೆ ಸಾಕ್ಷಿಯಾಯಿತು.

ಇಂಥ ಸಂದರ್ಭದಲ್ಲಿ ಸಂತ್ರಸ್ತನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಹಿಂಸಿಸುವವನು ಅವನ ಮೇಲೆ ಏನನ್ನು ಹೊರಿಸಿದ ಎಂಬುದೇ ಮುಖ್ಯವಾಗುತ್ತದೆ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ, ಬೇರೊಂದು ದೇಶದವನ ಮೊಕದ್ದಮೆಯಲ್ಲಿ, ಈ ಆರೋಪಿತ ಅಭಿಪ್ರಾಯದ ತತ್ತ್ವವನ್ನು ಎತ್ತಿಹಿಡಿಯಿತು.

ಆದರೆ ಸರಕಾರಗಳಿಗೆ ಇನ್ನೊಂದು ವಾದವಿದೆ. ಭಯೋತ್ಪಾದಕನೆಂಬ ಶಂಕೆಯಿಂದ ಒಬ್ಬನನ್ನು ಬಂಧಿಸಿ ಪ್ರಶ್ನಿಸುವುದು ಕಾನೂನುಪಾಲನೆಯೇ ಹೊರತು ರಾಜಕೀಯ ಹಿಂಸೆಯಲ್ಲ ಎಂಬುದು ಆ ವಾದ. ಪದೇ ಪದೇ ಚಿತ್ರಹಿಂಸೆ ಅನುಭವಿಸಿದ ತಮಿಳನೊಬ್ಬನ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ಇದನ್ನು ಒಪ್ಪಲಿಲ್ಲ. ತನಿಖೆಗೆ ಒಂದು ಮಿತಿಯಿದೆ. ಆ ಮಿತಿಯನ್ನು ಮೀರಿದ ಕ್ರೌರ್ಯದ ಹಿಂದೆ ಜನಾಂಗವೂ ಹೊರಿಸಲಾದ ಅಭಿಪ್ರಾಯವೂ ಇರಬಹುದೆಂಬುದು ಆ ತೀರ್ಪಿನ ಸಾರ.

ಹಾಗೆಂದು ತಮಿಳನೆಂಬ ಒಂದೇ ಕಾರಣಕ್ಕೆ ಆಶ್ರಯ ದೊರೆಯುವುದಿಲ್ಲ. ಯುದ್ಧ ಮುಗಿದ ನಂತರ, 2013ರಲ್ಲಿ, ಬ್ರಿಟನ್ನಿನ ನ್ಯಾಯಮಂಡಳಿಯು ದೇಶದ ಏಕತೆಗೆ ಅಪಾಯವೆಂದು ಶ್ರೀಲಂಕಾ ಸರಕಾರ ಭಾವಿಸುವವರಿಗೇ ಮುಖ್ಯವಾಗಿ ಗಂಡಾಂತರವಿದೆಯೆಂದು ಹೇಳಿತು. ಕಾಲ ಬದಲಾದಂತೆ ಭಯದ ಆಧಾರವನ್ನೂ ಪುನಃ ತೂಗಿ ನೋಡುವುದು ನ್ಯಾಯವೇ. ಆದರೆ ತೂಕ ತಪ್ಪಿದರೆ ತೆರಬೇಕಾದ ಬೆಲೆಯನ್ನೂ ಮರೆಯಲಾಗದು. 1988ರಲ್ಲಿ ಬ್ರಿಟನ್ ಐವರು ತಮಿಳರನ್ನು ಹಿಂದಕ್ಕೆ ಕಳುಹಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಅವರ ಭಯ ನಿಜವಾದದ್ದೆಂದು ತೀರ್ಮಾನವಾಗಿ ಅವರನ್ನು ಮರಳಿ ಬರಮಾಡಿಕೊಳ್ಳಬೇಕಾಯಿತು. ಅಷ್ಟರಲ್ಲಿ ಅವರಲ್ಲಿ ಕೆಲವರು ಮತ್ತೆ ಹಿಂಸೆಗೆ ಸಿಲುಕಿದ್ದರು.

ನಮ್ಮ ದೇಶ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1983ರಿಂದ ತಮಿಳುನಾಡಿನ ಶಿಬಿರಗಳಲ್ಲಿ ಲಂಕೆಯ ತಮಿಳರಿಗೆ ನೆಲೆ ನೀಡಿದೆ. ಇದು ಶ್ಲಾಘನೀಯ. ಆದರೆ ಅದು ಸರಕಾರದ ಔದಾರ್ಯವೇ ಹೊರತು ಕೇಳಿ ಪಡೆಯಬಹುದಾದ ಹಕ್ಕಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯಲ್ಲಿ ಶ್ರೀಲಂಕೆಯ ಹೆಸರೇ ಇಲ್ಲ.

ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ಕೆಲವರು ನೆರವಾಗಿದ್ದರೇ ಇಲ್ಲವೇ ಎಂಬುದನ್ನು ಇತಿಹಾಸಕಾರರು ಚರ್ಚಿಸಲಿ. ತೊಟ್ಟಿಲ ಕೂಸಿಗೆ ಯಾವ ರಾಜಕೀಯ ಅಭಿಪ್ರಾಯವಿತ್ತು? ಆ ಸೆರೆಯ ನೆನಪನ್ನು ಕಾಪಾಡಿಕೊಂಡು ಬಂದ ನಾವು, ಇಂದು ಯಾವುದೇ ಜನಾಂಗದವನನ್ನು ಕಂಡು ‘ಇವರೆಲ್ಲ ಹೀಗೆಯೇ’ ಎನ್ನುವ ಮುನ್ನ ಒಂದು ಕ್ಷಣ ತಡೆಯಬೇಕು. ಒಬ್ಬೊಬ್ಬನ ಅಹವಾಲನ್ನು ಪ್ರತ್ಯೇಕವಾಗಿ ಆಲಿಸುವುದೇ ನ್ಯಾಯದ ಮೊದಲ ಮೆಟ್ಟಿಲು.